ಬಿಗಿ ನೋಡದ ಚಕ್ರ

ಚಿಕ್ಕಪ್ಪನ ಎರಡನೆಯ ಏಟಿಗೆ ದರ್ಜಿಯ ಹಲ್ಲು ಉದುರಿತು. ಗ್ಯಾರೇಜಿನ ಮುಂದಿನ ಕೋಣೆಯಲ್ಲಿ ಅಪ್ಪನ ಶವ ಮಲಗಿಸಿ ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ದರ್ಜಿ ಮಾಡಿದ ತಪ್ಪೆಂದರೆ ಇಷ್ಟೇ: ಅಪ್ಪನ ಪ್ರಾಣ ತೆಗೆದ ಹಳೆಯ ಕಾರು ಅವನದು, ಕೊನೆಯ ಸಲ ಮುಖ ನೋಡಲು ಬಂದಿದ್ದ.

"ಗುಜರಿಗೆ ಹಾಕೋ ಗಾಡಿ ತಂದು ನಮ್ಮಣ್ಣನ್ನ ಕೊಂದ್ಯಲ್ಲೋ," ಎನ್ನುತ್ತ ಚಿಕ್ಕಪ್ಪ ಅವನನ್ನು ಅಂಗಳಕ್ಕೆ ದರದರನೆ ಎಳೆದ. ಸಾವಿಗೆ ಬಂದವರ ಕೈಯೂ ತುರಿಸುತ್ತಿತ್ತೋ ಏನೋ, ಎಲ್ಲರೂ ಕುರ್ಚಿ ಬಿಟ್ಟು ಹಿಂದೆಯೇ ಹೊರಟರು.

ಸತ್ತವನ ಮಗಳ ಕಣ್ಣು ಮಾತ್ರ ಅಂಗಳದ ಮೂಲೆಗೆ ಎಳೆದು ತಂದಿಟ್ಟಿದ್ದ ಕಾರಿನ ಮೇಲಿತ್ತು. ಕಳಚಿಬಿದ್ದ ಮುಂದಿನ ಚಕ್ರ ಅಲ್ಲೇ ಗೋಡೆಗೆ ಒರಗಿತ್ತು. ಬೋಲ್ಟುಗಳು ಒಂದೂ ಮುರಿದಿರಲಿಲ್ಲ. ಚಕ್ರದ ತೂತುಗಳು ಮಾತ್ರ ಸವೆದು ಮೊಟ್ಟೆಯ ಆಕಾರಕ್ಕೆ ಹಿಗ್ಗಿದ್ದವು. ಗ್ಯಾರೇಜಿನಲ್ಲೇ ಬೆಳೆದವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಟ್ಟುಗಳನ್ನು ಬಿಗಿದಿರಲಿಲ್ಲ.

*

"ಎಂಬತ್ತು ದಾಟಿದ್ರೆ ಸ್ಟೇರಿಂಗ್ ಗಡಗಡ ನಡುಗುತ್ತಣ್ಣ," ಎಂದು ದರ್ಜಿ ಮೊನ್ನೆ ಕಾರು ತಂದಿದ್ದ.

"ನೂರು ದಾಟಿದ್ರೆ?"

"ಅಷ್ಟು ಧೈರ್ಯ ನನಗೆಲ್ಲಿದೆ."

ಅಪ್ಪ ನಕ್ಕು, ತಾನೇ ಓಡಿಸಿ ನೋಡಿ ಬಂದ. "ನೂರು ದಾಟಿದ್ರೆ ಸುಮ್ಮನಾಗುತ್ತೆ. ಬ್ರೇಕ್ ಒತ್ತಿದ್ರೂ ನಡುಕ ಹೆಚ್ಚಾಗಲ್ಲ. ಪಾಪ, ಸ್ಟೇರಿಂಗ್ ತಪ್ಪಲ್ಲ ಇದು. ಮುಂದಿನ ಚಕ್ರದ ತೂಕ ಏರುಪೇರಾಗಿದೆ. ಸಂಜೆ ಬಾ."

ದರ್ಜಿ ಹೋದ. ಅಪ್ಪ ಚಕ್ರ ಬಿಚ್ಚಿ ತೂಕ ಸರಿಮಾಡಿದ, ಚಿಕ್ಕಪ್ಪ ತಿರುಗಿ ತೊಡಿಸಿದ. ಯಾರು ತೊಡಿಸಿದರೂ ಕೊನೆಗೆ ಅಪ್ಪ ಪಾನಾ ಹಿಡಿದು ಒಂದೊಂದೇ ನಟ್ಟನ್ನು ಬಿಗಿದು ನೋಡಲೇಬೇಕು. ಅಂದು ಅವನು ಪಾನಾ ಎತ್ತಿದ್ದೇ ತಡ, ಚಿಕ್ಕಪ್ಪ ಕಿತ್ತುಕೊಂಡು ಮುಖಕ್ಕೆ ಬೀಸಿದ.

"ನನ್ನ ತಲೆ ನರೆತರೂ ನಿನಗೆ ನಂಬಿಕೆ ಇಲ್ವಾ? ಮಗಳ ಮುಂದೆ ನನ್ನ ಮಾನ ಕಳೀತೀಯಾ?"

ಅಪ್ಪನ ತುಟಿ ಸೀಳಿತು. ರಕ್ತ ಒರೆಸಿಕೊಳ್ಳುತ್ತ, "ಆಯ್ತು ಬಿಡೋ, ಇವತ್ತು ನೋಡಲ್ಲ," ಎಂದು ಮತ್ತೆ ಓಡಿಸಿ ನೋಡಲು ಕಾರು ಹತ್ತಿದ. ತಮ್ಮನೆಂದರೆ ಅವನಿಗೆ ಪ್ರಾಣ.

*

ಯಾರೋ ಜಾಕಿನ ಸಲಾಕೆಯನ್ನು ಚಿಕ್ಕಪ್ಪನ ಕೈಗೆ ಕೊಟ್ಟರು. ಹೇಳಿದರೆ ಮಗಳಿಗೆ ಉಳಿದಿರುವ ಚಿಕ್ಕಪ್ಪನೊಬ್ಬನೂ ಕೈತಪ್ಪುತ್ತಾನೆ, ಹೇಳದಿದ್ದರೆ ಅಂಗಳದಲ್ಲಿ ಇನ್ನೊಂದು ಹೆಣ. ಮಗಳು ಓಡಿಹೋಗಿ ಸಲಾಕೆಗೆ ಜೋತುಬಿದ್ದಳು.

"ತೂತು ನೋಡು ಚಿಕ್ಕಪ್ಪ. ನಟ್ ಬಿಗಿ ಇರ್ಲಿಲ್ಲ. ಚಕ್ರ ಹಾಕಿದ್ದು ನೀನು."

ಅವನೂ ಕಸುಬು ಬಲ್ಲವನೇ. ಒಂದು ಸಲ ನೋಡಿದ್ದೇ ಸಾಕಾಯಿತು. ಸಲಾಕೆಯನ್ನು ಕೆಳಗೆ ಹಾಕಿದ.

"ನಾನು ಬರೀ ಬೆರಳಲ್ಲಿ ತಿರುಗಿಸಿ ಬಿಡ್ತಿದ್ದೆ," ಎಂದ. "ಯಾವಾಗ್ಲೂ ಕೊನೇಗೆ ಅಣ್ಣನೇ ಬಿಗೀತಿದ್ನಲ್ಲ."

ದರ್ಜಿಯನ್ನು ಹಿಡಿದಿದ್ದ ಕೈಗಳೇ ಈಗ ಚಿಕ್ಕಪ್ಪನ ಕಾಲರ್ ಹಿಡಿದವು. "ನೀನೇ ಕೊಂದು ಇನ್ನೊಬ್ಬನ ತಲೆಗೆ ಕಟ್ತೀಯಾ," ಎಂದು ಯಾರೋ ಒದ್ದರು. ಆಮೇಲೆ ಎಲ್ಲರೂ ಒದ್ದರು. ಚಿಕ್ಕಪ್ಪ ಕೈ ಅಡ್ಡ ಹಿಡಿಯಲೂ ಇಲ್ಲ.

"ಸಾಕು, ಬಿಡಿ," ಎಂದ ಮಗಳ ಮಾತು ಯಾರ ಕಿವಿಗೂ ಬೀಳಲಿಲ್ಲ. ಅವಳು ಅವನ ಮೇಲೆ ಬಿದ್ದು ಅವುಚಿಕೊಂಡಳು. ಮುಂದಿನ ಒದೆ ಅವಳ ಬೆನ್ನಿಗೆ ಬಿತ್ತು. ಅವರ ಕಾಲುಗಳ ಸಂದಿಯಿಂದ ಕೋಣೆಯ ತೆರೆದ ಬಾಗಿಲು ಕಾಣುತ್ತಿತ್ತು. ಒಳಗೆ ಅಪ್ಪ ಒಬ್ಬನೇ ಇದ್ದ. ಫ್ಯಾನಿನ ಗಾಳಿಗೆ ಅವನ ಮುಖದ ಮೇಲಿನ ಬಟ್ಟೆ ಸರಿದಿತ್ತು. ಹೊದಿಸಲು ಅಲ್ಲಿ ಯಾರೂ ಇರಲಿಲ್ಲ.