ಬೆಳ್ಳಿ ಮೂಸಿ ಬಿಟ್ಟ ನೀರು

ನನ್ನ ಮಾತು ಒರಟು ಅನ್ನುತ್ತಾರೆ. ಅನ್ನಲಿ. ಮಾಡದಕೆರೆ ಸೀಮೆಯಲ್ಲಿ ಅರವತ್ತು ಕುರಿ ಕಾಯುವ ಗಂಗಕ್ಕ ನಯವಾಗಿ ಮಾತಾಡುತ್ತ ಕೂತರೆ ತೋಳ ಬಂದು ಕುಶಲ ಕೇಳೀತೇ?

ಅರವತ್ತರಲ್ಲಿ ಐವತ್ತೊಂಬತ್ತು ಕರಿಯವು. ಬಿಳಿಯದು ಒಂದೇ, ಬೆಳ್ಳಿ. ತವರಿನವರು ಕೊಟ್ಟ ಕುರಿ, ನನಗಿಂತ ಸೊಕ್ಕು. ಗುಡ್ಡದಲ್ಲಿ ಕರಿಕಲ್ಲಿನ ಗಣಿ ಶುರುವಾಗಿ, ಅಗೆದ ಕಲ್ಲನ್ನೆಲ್ಲ ನಮ್ಮ ಹಳ್ಳದಲ್ಲಿ ತೊಳೆಯತೊಡಗಿದಾಗ ಮೊದಲು ಆ ನೀರು ಕುಡಿಯುವುದನ್ನು ಬಿಟ್ಟವಳು ಅವಳೇ. ಮೂಸಿದಳು, ಮುಖ ತಿರುಗಿಸಿ ಬಂದುಬಿಟ್ಟಳು. ಹಿಂದೆಯೇ ಉಳಿದವೂ ಬಂದವು. ಅಂದಿನಿಂದ ನೀರಿಗಾಗಿ ಹಿಂಡನ್ನು ಎರಡು ಹರದಾರಿ ನಡೆಸಬೇಕಾಯಿತು. ಬಿಸಿಲಿಗೆ ಮೂರು ಮರಿ ದಾರಿಯಲ್ಲೇ ಸತ್ತವು. ಹೀಗೇ ಆದರೆ ಹಿಂಡೇ ಉಳಿಯುವುದಿಲ್ಲವೆಂದು ಹೊಸದುರ್ಗಕ್ಕೆ ನಡೆದುಹೋಗಿ ಅಮಲ್ದಾರರಿಗೆ ಅರ್ಜಿ ಕೊಟ್ಟೆ.

ಅಮಲ್ದಾರರು ಕುದುರೆ ಏರಿ ಬಂದರು. ಆದರೆ ಬರುವ ದಿನ ತಿಳಿಸಿ ಗಣಿಗೆ ಎಂಟು ದಿನ ಮೊದಲೇ ಕಾಗದ ಹೋಗಿತ್ತಂತೆ! ಗಣಿಯ ಗುಮಾಸ್ತ ಮುರುಗೇಶಪ್ಪ ಆ ಎಂಟು ದಿನವೂ ಕಲ್ಲು ತೊಳೆಸಲಿಲ್ಲ. ಕೆಸರೆಲ್ಲ ತಳ ಸೇರಿ ಹಳ್ಳದ ಮಡು ತಿಳಿಯಾಗಿತ್ತು. ಅವನು ಒಂದು ಚೊಂಬು ನೀರು ತುಂಬಿ ಮುಂದೆ ಹಿಡಿದ.

“ನೋಡ್ರಿ ಸ್ವಾಮಿ, ಎಳನೀರು ಇದ್ದಂಗೆ ಐತೆ.”

ಅಮಲ್ದಾರರು ಇಣುಕಿ ನೋಡಿ ನನ್ನತ್ತ ತಿರುಗಿದರು. “ಏನಮ್ಮ, ಸುಳ್ಳು ಅರ್ಜಿ ಕೊಡ್ತೀಯಾ?”

ನನಗೆ ಮೈಯೆಲ್ಲ ಉರಿದುಹೋಯಿತು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಮಡುವಿಗೆ ಇಳಿಸಿ ಮೈ ತೊಳೆಯುವುದು ನಮ್ಮ ಪದ್ಧತಿ.

“ನೀರು ಅಷ್ಟು ಚಂದ ಐತಲ್ಲ ಬುದ್ದಿ, ಇವತ್ತೇ ಕುರಿ ಮೈ ತೊಳಿತೀನಿ. ನೋಡ್ಕಂಡು ಹೋಗ್ರಿ” ಎಂದು ಹಿಂಡನ್ನು ಮಡುವಿಗೆ ಹೊಡೆದೆ.

ಇನ್ನೂರ ಮೂವತ್ತಾರು ಕಾಲುಗಳು ತಳವನ್ನು ಕಲಕಿದವು. ಮಡುವೆಲ್ಲ ಕಪ್ಪಾಯಿತು. ಮುರುಗೇಶಪ್ಪ ಹೊಟ್ಟೆ ಹಿಡಿದು ನಕ್ಕ.

“ಅದು ಕುರಿ ಮೈಯಾಗಿನ ಕೊಳೆ ಸ್ವಾಮಿ! ಕರೇ ಕುರಿ ಇಳಿಸಿದ್ಲು, ಕರೇ ಕುರಿ ಹತ್ತಿಸಿದ್ಲು. ಇದ್ರಾಗೇನು ಕಂಡಂಗಾತು?”

ಅಮಲ್ದಾರರೂ ನಕ್ಕುಬಿಟ್ಟರು. ಅಯ್ಯೋ, ನನ್ನ ಬುದ್ಧಿಗಿಷ್ಟು! ಇನ್ನು ಉಳಿದವಳು ಬೆಳ್ಳಿ. ಅವಳೋ ದಡದಲ್ಲಿ ನಾಲ್ಕೂ ಕಾಲು ಊರಿ ನಿಂತಿದ್ದಾಳೆ. ನಾನು ಎಳೆದೆ, ಅವಳೂ ಎಳೆದಳು.

“ಬಾರೇ ನಮ್ಮವ್ವ, ತವರಿನ ಮಾನ ಉಳಿಸೇ!” ಎಂದು ತಬ್ಬಿ ಎತ್ತಿದವಳೇ ಕಾಲು ಜಾರಿ ಅವಳ ಸಮೇತ ಮಡುವಿಗೆ ಬಿದ್ದೆ.

ಎದ್ದಾಗ ಬೆಳ್ಳಿ ರೊಟ್ಟಿ ಹಂಚಿನ ತಳದ ಹಾಗಿದ್ದಳು. ಸಿಟ್ಟಿನಿಂದ ದಡ ಹತ್ತಿ, ನೇರ ಅಮಲ್ದಾರರ ಮುಂದೆ ನಿಂತು ಜೋರಾಗಿ ಮೈ ಕೊಡವಿದಳು. ಬಿಳಿ ಕೋಟು, ರುಮಾಲು, ಮೀಸೆ, ಯಾವುದನ್ನೂ ಬಿಡಲಿಲ್ಲ.

ಅಮಲ್ದಾರರು ಮೀಸೆ ಒರೆಸಿ ಬೆರಳು ತಿಕ್ಕಿ ನೋಡಿಕೊಂಡರು. ಕುರಿಯ ಕೊಳೆಯಲ್ಲ, ತರಿತರಿ ಕಲ್ಲುಪುಡಿ.

“ಒಣಗಿದ್ರೆ ಉದುರಿ ಹೋಗ್ತೈತ್ರಿ” ಅಂದ ಮುರುಗೇಶಪ್ಪ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಪೈಕಿ.

“ಹೌದೇ? ಹಾಗಾದರೆ ಆ ಚೊಂಬಿನಲ್ಲಿ ಈಗ ಇನ್ನೊಂದು ಸಲ ಎಳನೀರು ತುಂಬಿ ನೀವೇ ಕುಡೀರಿ” ಅಂದರು ಅಮಲ್ದಾರರು.

ಅವನು ಕುಡಿಯಲಿಲ್ಲ.

ಅಲ್ಲೇ ಹುಕುಂ ಆಯಿತು. ಕಲ್ಲು ತೊಳೆದ ನೀರು ಹಳ್ಳಕ್ಕೆ ಇಳಿಯಕೂಡದು, ಗುಡ್ಡದಲ್ಲೇ ಗುಂಡಿ ತೋಡಿ ನಿಲ್ಲಿಸಬೇಕು. ತಿಂಗಳಿಗೊಮ್ಮೆ, ಗಣಿಯವರಿಗೆ ದಿನ ತಿಳಿಸದೆ, ತಾಲ್ಲೂಕು ಕಚೇರಿಯ ಜವಾನನ ಎದುರು ಬೆಳ್ಳಿಯನ್ನು ಮಡುವಿನಲ್ಲಿ ಅದ್ದಿ ತೆಗೆಯಬೇಕು.

ಗುಂಡಿ ತೋಡಿದರು. ಮುಂಗಾರಿನಲ್ಲಿ ಹಳ್ಳ ಎರಡು ಸಲ ತುಂಬಿ ಹರಿದು ತಳದ ಕೆಸರನ್ನು ಕೊಚ್ಚಿಕೊಂಡು ಹೋಯಿತು. ಮುಂದಿನ ಸಲ ಅದ್ದಿದಾಗ ಬೆಳ್ಳಿ ಬೆಳ್ಳಗೇ ಮೇಲೆ ಬಂದಳು. ಜವಾನ “ನೀರು ಸರಿ ಐತೆ ಗಂಗಕ್ಕ” ಅಂತ ಹೇಳಿ ಹೊರಟುಹೋದ. ನನಗೆ ಮಾತ್ರ ನಂಬಿಕೆ ಬರಲಿಲ್ಲ. ಹಗ್ಗ ಬಿಚ್ಚಿ ಸುಮ್ಮನೆ ನಿಂತೆ.

ಬೆಳ್ಳಿ ನೀರು ಮೂಸಿದಳು. ತಲೆಯೆತ್ತಿ ನನ್ನನ್ನೊಮ್ಮೆ ನೋಡಿದಳು. ಮತ್ತೆ ಬಗ್ಗಿ ಗಟಗಟ ಕುಡಿದಳು. ಅವಳ ಹಿಂದೆ ಐವತ್ತೊಂಬತ್ತೂ ಬಗ್ಗಿದವು.

ನಾನು ಬಂಡೆಯ ಮೇಲೆ ಕೂತು ಅತ್ತೆ. ಇದನ್ನು ಆ ಮುರುಗೇಶಪ್ಪನಿಗೆ ಮಾತ್ರ ಹೇಳಬೇಡಿ.