ಹೊರಗೆ ನಿಂತವರು

ಬೆರಳುಗಳು ಮಡಚಿಕೊಳ್ಳಲೊಲ್ಲವು. ನೀಲವ್ವ ಗಂಡನ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಒಂದೊಂದೇ ಬೆರಳನ್ನು ಬಾಗಿಸಿದಳು. ಕೈ ತೆಗೆದರೆ ಮತ್ತೆ ಬಿಚ್ಚಿಕೊಳ್ಳುತ್ತಿದ್ದವು. ಕಡೆಗೆ ಶಿವದಾರವನ್ನೇ ಮುಷ್ಟಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಹೆಣದ ಪೆಟ್ಟಿಗೆಯ ವ್ಯವಸ್ಥೆ ಮಾಡಿದ ಇಂಗ್ಲಿಷ್ ಯಜಮಾನ ಬಾಗಿಲಾಚೆ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದ.

"ಊರಾಗಾದ್ರ ಕುಂದ್ರಸಿ ಮಣ್ಣ ಕೊಡ್ತಿದ್ರು," ಎಂದಳು ಸೊಸೆ ನೇತ್ರಾಗೆ. "ಇಲ್ಲೆ ಮಲಗಸಬೇಕಂತ. ಆತು ಬಿಡು. ಜನ್ಮಿಡೀ ಬಸ್ಸಿನ್ಯಾಗ ಕುಂತಾರ, ಇನ್ನರ ಕಾಲ ಚಾಚಲಿ."

ನೇತ್ರಾ ಸೌತ್‌ಹಾಲಿನ ಇಂಡಿಯನ್ ಅಂಗಡಿಯಿಂದ ತಂದ ಬಿಲ್ವಪತ್ರೆಯನ್ನು ಮಾವನ ಎದೆಯ ಮೇಲೆ ಹರಡಿದಳು. ಮಗ ಅನಿಕೇತ ಚಿಕ್ಕದೊಂದು ಸ್ಪೀಕರ್ ಹಿಡಿದು ಹತ್ತಿರ ಬಂದ.

"ಅವ್ವಾ, ವಚನ ಎಲ್ಲಾ ಫೋನ್‌ನಾಗ ಅದಾವ. ಗುಂಡಿ ಹತ್ರ ಪ್ಲೇ ಮಾಡೂಣು. ಇಟ್ಸ್ ಫೈನ್."

"ಇದ್ದಾಗ ಒಮ್ಮಿನೂ ಫೋನ್ ಎತ್ತದ ನಿಮ್ಮಪ್ಪಗ ಹೋದ ಮ್ಯಾಲೆ ಫೋನ್ ಹಚ್ಚತಿಯೇನು? ಶಿವಪ್ರಕಾಶಗ ಹೇಳಿದ್ಯೋ ಇಲ್ಲೋ?"

"ಮೆಸೇಜ್ ಹಾಕೀನಿ. ನೋಡ್ಯಾರ. ರಿಪ್ಲೈ ಇಲ್ಲ."

ಮಣ್ಣು ಕೊಡುವಾಗ ಹೇಳುವ ವಚನಗಳನ್ನು ಕಾಗದ ನೋಡದೆ ಮೊದಲಿನಿಂದ ಕಡೆಯವರೆಗೆ ಹೇಳಬಲ್ಲವನು ಅವರ ಬಳಗದಲ್ಲಿ ಶಿವಪ್ರಕಾಶ ಒಬ್ಬನೇ. ಟ್ಯೂಬ್ ರೈಲಿನ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ದುಡಿದವನು. ಮೈಕಿಲ್ಲದೆ ಪ್ಲಾಟ್‌ಫಾರ್ಮಿನ ಆ ತುದಿಗೆ ಕೇಳುವ ಕಂಠ. ಸಿದ್ದಲಿಂಗಪ್ಪ ಕಡೆಯ ವಾರ ಆಸ್ಪತ್ರೆಯಲ್ಲಿ ಹೆಂಡತಿಯನ್ನು ಕೇಳಿದ್ದು ಒಂದೇ: "ಶಿವೂನ ದನಿ ಇದ್ರ ಚೊಲೋ." ಅದೂ ಗೋಡೆಯ ಕಡೆ ಮುಖ ಮಾಡಿ, ಸಿಗುವುದಿಲ್ಲವೆಂದು ಗೊತ್ತಿದ್ದವನಂತೆ.

ಯಾಕೆಂದರೆ ಹದಿನೆಂಟು ವರ್ಷದ ಹಿಂದೆ ಆ ಶಿವೂ ಹತ್ತು ಜನರ ಎದುರು ಹೇಳಿಹೋಗಿದ್ದ: "ನಿನ್ನ ಮಣ್ಣಿನ ದಿನ ನಾನೂ ಹೊರಗ ನಿಂದರ್ತೀನಿ."

* * *

ಬಡಾವಣೆಗಳ ಅಭಿವೃದ್ಧಿಗೆಂದು ಸರ್ಕಾರ ವರ್ಷಕ್ಕೊಮ್ಮೆ ಕೊಡುವ ಅನುದಾನವನ್ನು ಎಲ್ಲೆಲ್ಲಿ ಬಳಸಬೇಕೆಂದು ಯೋಜನೆ ಬರೆಯುವುದು ಕೌನ್ಸಿಲ್‌ನಲ್ಲಿ, ಅಂದರೆ ಅಲ್ಲಿಯ ನಗರಸಭೆಯಲ್ಲಿ, ಸಿದ್ದಲಿಂಗಪ್ಪನ ಕೆಲಸವಾಗಿತ್ತು. ಬರೆಯುವ ಮೊದಲು ಅವನು ನಕಾಶೆ ಮಡಚಿ ಜೇಬಿಗಿಟ್ಟು ಬಸ್ಸು ಹತ್ತುತ್ತಿದ್ದ. ಸಭೆಗೆ ಬರುವವರು ಹೇಗೂ ಕೇಳುತ್ತಾರೆ, ಬಾರದವರನ್ನು ನೋಡಿಬರೋಣ ಎನ್ನುತ್ತಿದ್ದ. ಒಂದು ಗುರುವಾರ ನೀಲವ್ವನೂ ಜೊತೆಗೆ ಹೋಗಿದ್ದಳು. ಕೌನ್ಸಿಲ್ ಫ್ಲಾಟುಗಳ ಕೆಳಗೆ ಬಟ್ಟೆ ಒಗೆಯುವ ಹಳೆಯ ಕೋಣೆ. ಯಂತ್ರಗಳೆಲ್ಲ ಕೆಟ್ಟು ಎಷ್ಟೋ ಕಾಲವಾಗಿತ್ತು. ಆದರೂ ಮೂವರು ಮುದುಕಿಯರು ಬಾಯ್ಲರಿನಿಂದ ಬೆಚ್ಚಗಿದ್ದ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದರು. ಸಿದ್ದಲಿಂಗಪ್ಪ ಅವರ ಪಕ್ಕದಲ್ಲಿ ಒಂದು ಗಂಟೆ ಕುಳಿತ. ವಾಪಸಾಗುವಾಗ ಬಸ್ಸಿನಲ್ಲಿ ನಕಾಶೆಯ ಅಂಚಿಗೆ ಬರೆದುಕೊಂಡ: "ಇಲ್ಲಿ ಯಾರೂ ಬಟ್ಟೆ ಒಗೆಯುವುದಿಲ್ಲ. ಆದರೂ ಬರುತ್ತಾರೆ."

ಅದೇ ವರ್ಷ ಅವರ ಬಳಗವೂ ಒಂದು ಅರ್ಜಿ ಹಾಕಿತು. ಪ್ರಾರ್ಥನೆಗೆ, ಮಕ್ಕಳ ಕನ್ನಡ ಪಾಠಕ್ಕೆ ಹಳೆಯ ಸಭಾಂಗಣವೊಂದರ ಛಾವಣಿ ದುರಸ್ತಿಯಾಗಬೇಕಿತ್ತು. ನಮ್ಮವನೇ ಒಳಗಿದ್ದಾನೆ, ಆದಂತೆಯೇ ಎಂದು ಎಲ್ಲರೂ ಹಿಗ್ಗಿದರು. ಅರ್ಜಿಗಳನ್ನು ನಿರ್ಧರಿಸುವ ಸಭೆಯ ದಿನ ಹೆಂಗಸರು ಇಳಕಲ್ ಸೀರೆಯುಟ್ಟು ಪ್ರೇಕ್ಷಕರ ಸಾಲಿನಲ್ಲಿ ಕುಳಿತರು. ನೀಲವ್ವ ಪೇಡೆಯ ಡಬ್ಬಿಯನ್ನೂ ತಂದಿದ್ದಳು.

ಬಳಗದ ಹೆಸರು ಓದಿದೊಡನೆ ಸಿದ್ದಲಿಂಗಪ್ಪ ಎದ್ದ. ಕುರ್ಚಿಯ ಬೆನ್ನಿನಿಂದ ಕೋಟು ತೆಗೆದುಕೊಂಡ. ಹೆಂಡತಿ ಸದಸ್ಯಳಾಗಿರುವ ಸಂಸ್ಥೆಯ ವಿಷಯ ಬಂದಾಗ ಅಧಿಕಾರಿ ಕೋಣೆಯಲ್ಲಿ ಇರಬಾರದು ಎಂಬ ನಿಯಮದಂತೆ ಹೊರಗೆ ಹೋಗಿ ಬಾಗಿಲು ಹಾಕಿಕೊಂಡ. ಈ ಅರ್ಜಿಯ ಪರ ಯಾರಾದರೂ ಮಾತಾಡುವಿರಾ ಎಂದು ಅಧ್ಯಕ್ಷೆ ಕೇಳಿದಳು. ಅವನು ಮಾತಾಡುತ್ತಾನೆಂದೇ ಕಾದಿದ್ದ ಬಳಗದವರು ಯಾರೂ ಏಳಲಿಲ್ಲ. ಅರ್ಜಿ ಬಿದ್ದುಹೋಯಿತು. ಮುಂದಿನದು ಸಿದ್ದಲಿಂಗಪ್ಪ ಬರೆದ ಯೋಜನೆ, ಆ ಒಗೆಯುವ ಕೋಣೆ. ಅದು ಹಗಲು ಹೊತ್ತು ವೃದ್ಧರು ಕೂಡುವ ಮನೆಯಾಗಬೇಕು, ಅವರನ್ನು ಕರೆತರಲು ಒಂದು ಬಸ್ಸು ಬೇಕು. ಕೈಗಳೆಲ್ಲ ಮೇಲೆದ್ದವು.

"ನಮ್ಮ ಹೆಸರು ಬಂದ ಕೂಡ್ಲೆ ಎದ್ದ ಹೋದಿಯಲ್ಲೋ," ಎಂದು ಶಿವಪ್ರಕಾಶ ಕಾರಿಡಾರಿನಲ್ಲಿ ಅವನನ್ನು ಹಿಡಿದು ಕೇಳಿದ್ದ. "ನಾವು ಅಷ್ಟು ನಾಚಿಗಿ ಆದ್ವೇನು ನಿನಗ?"

"ನಿಯಮ ಐತೆಪಾ ಶಿವೂ."

"ನಿಯಮನ ಬಂದು ನಿನ್ನ ಹೆಣ ಹೊರತೈತಿ ಬಿಡು."

* * *

ಗೋರಿಗಳ ನಡುವಿನ ಹಾದಿಯಲ್ಲಿ ಬಿಳಿಯ ಮಿನಿಬಸ್ಸೊಂದು ಮೊದಲೇ ಬಂದು ನಿಂತಿತ್ತು. ಅದರಿಂದಿಳಿದ ಏಳೆಂಟು ಮುದುಕರು ಕೋಲು ಊರಿಕೊಂಡು, ಗಾಲಿಕುರ್ಚಿಯಲ್ಲಿ ಕುಳಿತು ಗುಂಡಿಯ ಬಳಿ ಸೇರಿದ್ದರು. ಊದಾ ಬಣ್ಣದ ಹ್ಯಾಟಿನ ಜಮೈಕಾದ ಮುದುಕಿಯೊಬ್ಬಳು ನೀಲವ್ವನ ಕೈ ಹಿಡಿದು, "ನಾನು ಪಾಲಿನ್. ನಿನ್ನ ಗಂಡ ನಮ್ಮ ಮ್ಯಾಪ್‌ಮ್ಯಾನ್," ಎಂದಳು ಇಂಗ್ಲಿಷಿನಲ್ಲಿ. "ಬಿಸಿ ಗೋಡೆ ಬಿಟ್ಟು ಇನ್ನೇನು ಬೇಕು ಅಂತ ಕೇಳಿದ. ಕಿಟಕಿ ಅಂದೆ. ಕೊಟ್ಟ." ಅವಳ ಅಂಗೈ ಒಣಗಿ ಬೆಚ್ಚಗಿತ್ತು. ಏನು ಹೇಳಬೇಕೆಂದು ತೋಚದೆ ನೀಲವ್ವ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಅಷ್ಟರಲ್ಲಿ ಅನಿಕೇತ ಕಿವಿಯಲ್ಲಿ ಹೇಳಿದ, "ಅವ್ವಾ, ಶಿವಪ್ರಕಾಶ ಅಂಕಲ್ ಬಂದಾರ. ಗೇಟ್ ಹೊರಗ ನಿಂತಾರ. ಕರದ್ರ ಒಲ್ಲೆ ಅಂತಾರ."

"ಮಣ್ಣ ಹಾಕಬ್ಯಾಡ್ರಿ," ಎಂದಳು ನೀಲವ್ವ. "ಬಂದೆ."

ಮಂಡಿ ನೋವಿನ ಕಾಲೆಳೆದುಕೊಂಡು ಅಷ್ಟುದ್ದ ಹಾದಿ ನಡೆದಳು. ಕಬ್ಬಿಣದ ಗೇಟಿನಾಚೆ, ಫುಟ್‌ಪಾತಿನ ಮೇಲೆ ಶಿವಪ್ರಕಾಶ ಕೈ ಕಟ್ಟಿ ನಿಂತಿದ್ದ. ಹಣೆಯ ತುಂಬ ವಿಭೂತಿ. ತಲೆ ಪೂರ್ತಿ ನೆರೆತಿತ್ತು.

"ಮುದುಕ ಆಗೀಯಲ್ಲೋ," ಎಂದಳು.

"ನೀವೇನ್ ಹರೇದಾಕಿ ಆಗೀರೇನಕ್ಕಾ."

"ಒಳಗ ಬಾ."

"ಮಾತ ಆಡೀನಿ. ಹೊರಗ ನಿಂದರ್ತೀನಂತ. ನಿಂತೀನಿ." ಅವನ ದೊಡ್ಡ ದನಿ ಒಡೆಯಿತು. "ಅಕ್ಕಾ, ನಿಮಗ ಗೊತ್ತಿಲ್ಲ. ನಮ್ಮವ್ವನ ಊರಿಂದ ಕರಕೊಂಡ ಬಂದಿದ್ನೆಲ್ಲಾ, ಚಂದ್ರವ್ವನ್ನ. ನಾವ ಗಂಡಾಹೆಂಡ್ತಿ ಇಬ್ರೂ ಡ್ಯೂಟಿಗೆ ಹೋದ್ರ ಆಕಿ ಗ್ವಾಡಿ ಕೂಡ ಮಾತಾಡ್ತಿದ್ಲು. ಆ ಬಸ್ಸ ಬಂದು ಎಂಟ ವರ್ಷ ಕರಕೊಂಡ ಹೋಗೇತಿ ಆಕೀನ. ಇಂಗ್ಲಿಷ್ ಬರ್ತಿರಲಿಲ್ಲ. ಅಲ್ಲೆ ಊದಾ ಹ್ಯಾಟಿನಾಕಿ ಬಾಜೂಕ ಕುಂತು ಬಟಾಣಿ ಸುಲೀತಿದ್ಲು, ನಮ್ಮ ಹಾಡ ಹಾಡಿ ಅವರ್ನೆಲ್ಲಾ ನಗಸ್ತಿದ್ಲಂತ. ಸಾಯೂ ಮುಂಜಾನಿನೂ ಬಸ್ಸ ಬಂತೇನಂತ ಕೇಳಿದ್ಲು. ಅದು ಯಾರ ಬರದ ಬಸ್ಸಂತ ನನಗ ಗೊತ್ತಿತ್ತು. ಒಂದ ದಿನ ಬಂದು ಹೇಳ್ಳಿಲ್ಲ ನಾ."

ಬೀದಿಯಲ್ಲಿ ಡಬಲ್ ಡೆಕರ್ ಒಂದು ಹಾದುಹೋಯಿತು. ನೀಲವ್ವ ಅರೆತೆರೆದ ಗೇಟಿನ ಕಂಬಿ ಹಿಡಿದಳು.

"ಅವತ್ತ ಕೌನ್ಸಿಲ್‌ನಾಗ ಅವರೂ ಹಿಂಗ ಹೊರಗ ನಿಂತಿದ್ರು, ಶಿವೂ. ಕೋಟ ಕೈಯಾಗ ಹಿಡಕೊಂಡು. ನಾವೆಲ್ಲಾ ಮಾರಿ ತಿರುವಿ ಮೆಟ್ಟಿಲ ಇಳದ್ವಿ. ನಾನೂ ಇಳದೆ. ಒಂದ ತಿಂಗಳ ರೊಟ್ಟಿ ತಾಟಿನ್ಯಾಗ ಹಾಕಿ ಮಾತಿಲ್ಲದ ಒಳಗ ಹೋಗ್ತಿದ್ದೆ. ಬಾರ್ರಿ ಅಂತ ಯಾರೂ ಅನ್ನಲಿಲ್ಲ ಅವರಿಗೆ." ಅವಳು ಗೇಟನ್ನು ಇನ್ನಷ್ಟು ತೆರೆದಳು. "ನಿನಗ ಅಂತೀನಿ. ಬಾ."

ಶಿವಪ್ರಕಾಶ ಕಣ್ಣೊರೆಸಿಕೊಂಡು, ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಕಾಲುಚೀಲದಲ್ಲೇ ಒದ್ದೆ ಹುಲ್ಲು ತುಳಿದು ಒಳಗೆ ಬಂದ.

ಮೊದಲ ವಚನವನ್ನು ಅರ್ಧಕ್ಕೆ ಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡಿದ. ಎರಡನೆಯದಕ್ಕೆ ದನಿ ದಾರಿ ಹಿಡಿಯಿತು. ಆಮೇಲೆ ಒಂದರ ಬೆನ್ನಿಗೆ ಒಂದು, ಉಸಿರು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಏರಬೇಕೋ ಅಲ್ಲಿ ಏರಿ, ಆ ಮಾತುಗಳು ಗುಂಡಿಯೊಳಗೆ ಇಳಿದವು. ಅರ್ಥ ತಿಳಿಯದ ಮುದುಕರು ತಲೆ ತಗ್ಗಿಸಿದರು. ಪಾಲಿನ್ ಪ್ರತಿ ವಚನದ ಕೊನೆಗೂ "ಆಮೆನ್" ಎಂದಳು. ಶಿವಪ್ರಕಾಶ ಅದಕ್ಕೂ ಜಾಗ ಬಿಟ್ಟು ಮುಂದಿನದನ್ನು ಎತ್ತಿಕೊಂಡ. ಅನಿಕೇತನ ಸ್ಪೀಕರ್ ಕೋಟಿನ ಜೇಬಿನಲ್ಲೇ ಉಳಿಯಿತು. ನೀಲವ್ವ ಕಣ್ಣು ಮುಚ್ಚಿ ಕೇಳಿದಳು. ಕೊಟ್ಟೆಯಲ್ಲಪ್ಪಾ ಶಿವನೇ, ಎಂದಳು ಮನಸ್ಸಿನಲ್ಲೇ, ಇಷ್ಟಾದರೂ ಕೊಟ್ಟೆ.

ಊಟಕ್ಕೆ ಎಲ್ಲರೂ ಅದೇ ವೃದ್ಧರ ಮನೆಗೆ ಹೋಗುವುದೆಂದಾಯಿತು. ನೀಲವ್ವನ ನಡಿಗೆ ನೋಡಿದ ಮಿನಿಬಸ್ಸಿನ ಡ್ರೈವರ್ ಅವಳನ್ನು ಕಾರಿನವರೆಗೆ ನಡೆಯಗೊಡಲಿಲ್ಲ. ಬಸ್ಸಿನ ಹಿಂಬದಿಯ ಲಿಫ್ಟನ್ನು ನೆಲಕ್ಕಿಳಿಸಿ, "ಇಲ್ಲಿ ನಿಲ್ಲಿ, ಮೈ ಲವ್," ಎಂದ. ಅವಳು ಸೆರಗು ಬಿಗಿಮಾಡಿ, ಕಂಬಿ ಹಿಡಿದು ಹಲಗೆಯ ಮೇಲೆ ನಿಂತಳು. ಹಲಗೆ ಗುಂಯ್‌ಗುಡುತ್ತ ಮೇಲೇರಿತು. ಕುತ್ತಿಗೆಯವರೆಗಿದ್ದ ಬೇಲಿಗಿಡ ಎದೆಗಿಳಿಯಿತು, ಸೊಂಟಕ್ಕಿಳಿಯಿತು. ಅದರಾಚೆ ಶಿವಪ್ರಕಾಶ ಮಂಡಿಯೂರಿ, ಹೊಸ ಮಣ್ಣನ್ನು ಎರಡೂ ಅಂಗೈಗಳಿಂದ ತಟ್ಟಿ ತಟ್ಟಿ ಸಮ ಮಾಡುತ್ತಿದ್ದ. ತುಟಿ ಇನ್ನೂ ಆಡುತ್ತಿತ್ತು.

ಅವಳು ಅತ್ತಲೇ ನೋಡುತ್ತಿರುವುದನ್ನು ಕಂಡು ಡ್ರೈವರ್ ಲಿಫ್ಟಿನ ಸ್ವಿಚ್ಚಿನಿಂದ ಹೆಬ್ಬೆರಳು ತೆಗೆದ. ಲಿಫ್ಟು ಅರ್ಧಕ್ಕೆ ನಿಂತಿತು. ಬಸ್ಸಿನೊಳಗೆ ಕುಳಿತವರು ಯಾರೂ ಅವಸರ ಮಾಡಲಿಲ್ಲ.