ಸಾಕ್ಷಿಗೆ ಹಿಡಿದ ಕಾರ್ಡುಗಳು

ನಮ್ಮ ಬೀದಿಯ ಹೆಂಗಸರ ಬ್ಯಾಂಕ್ ಕಾರ್ಡುಗಳೆಲ್ಲ ಮಾ ಸೆಲ್ಲೊ ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇರುತ್ತಿದ್ದವು. ನನ್ನದೂ ಇತ್ತು. ಬೋಟ್ಶಬೇಲೊ ಊರಿನ ಈ ತುದಿಯಲ್ಲಿ ಕೈಸಾಲ ಕೊಡುವವಳು ಅವಳೊಬ್ಬಳೇ. ಕಾರ್ಡು, ಅದರ ಗುಟ್ಟಿನ ನಂಬರು ಎರಡನ್ನೂ ಒಪ್ಪಿಸಿದರೆ ಸಾಲ. ಸರ್ಕಾರ ಮಕ್ಕಳ ಹೆಸರಿಗೆ ಹಾಕುವ ಹಣವನ್ನು ಅವಳೇ ತೆಗೆದು, ಬಡ್ಡಿ ಮುರಿದುಕೊಂಡು, ಉಳಿದದ್ದನ್ನು ನಮ್ಮ ಕೈಗಿಡುತ್ತಿದ್ದಳು. ಅದು ಯಾವುದಕ್ಕೂ ಸಾಕಾಗದೆ ಅಲ್ಲೇ ನಿಂತು ಮತ್ತೆ ಕೇಳುತ್ತಿದ್ದೆವು.

ಹೀಗೆ ಕಾರ್ಡು ಇಟ್ಟುಕೊಳ್ಳುವುದು ದೇಶದ ಸಾಲದ ಕಾನೂನಿಗೆ ವಿರುದ್ಧವೆಂದು ಪಕ್ಕದ ಮನೆಯ ಕೆದಿಬೊನೆ ರೇಡಿಯೋದಲ್ಲಿ ಕೇಳಿದಳು. ತೀರಿಹೋದ ಮಗಳ ಹಸುಗೂಸನ್ನು ಸಾಕುತ್ತಿದ್ದವಳು, ರೋಸಿಹೋಗಿದ್ದಳು, ದೂರು ಕೊಟ್ಟೇಬಿಟ್ಟಳು. ಅಧಿಕಾರಿಗಳು ಪೊಲೀಸರೊಂದಿಗೆ ಬಂದು ಮಾ ಸೆಲ್ಲೊಳನ್ನು ಹಿಡಿದರು. ನಾವು ಬೀದಿಯಲ್ಲೇ ಕುಣಿದೆವು.

ಕಾರ್ಡಿಗೆ ಕೈ ಚಾಚಿದರೆ, ಅಧಿಕಾರಿ ಹುಡುಗಿ ಡಬ್ಬಿಯನ್ನೇ ಚೀಲಕ್ಕೆ ಹಾಕಿ ಮೊಹರು ಒತ್ತಿದಳು. ಅವು ಮೊಕದ್ದಮೆಗೆ ಸಾಕ್ಷಿಯಂತೆ. ಹೊಸ ಕಾರ್ಡಿಗೆ ಅರ್ಜಿ ಹಾಕಬೇಕಂತೆ. ಹಾಕಿದೆವು; ಮುಂದಿನ ತಿಂಗಳು ಬನ್ನಿ ಅಂದರು. ಕಾನೂನಿಗೆ ಹಸಿವಾಗುವುದಿಲ್ಲವಲ್ಲ, ಅದು ಎಷ್ಟು ತಿಂಗಳು ಬೇಕಾದರೂ ಕಾದೀತು. ಕೂಸಿಗೆ ಹಾಲಿನಪುಡಿ ಮುಗಿದು, ಕೆದಿಬೊನೆ ಗಂಜಿಯ ತಿಳಿ ಕುಡಿಸಿದಳು. ಭೇದಿ ಶುರುವಾಯಿತು. ಪುಡಿಹಾಲು ಬಿಟ್ಟು ಬೇರೇನೂ ಕೊಡಬೇಡವೆಂದು ಕ್ಲಿನಿಕ್ಕಿನ ನರ್ಸ್ ಬೈದು ಕಳಿಸಿದಳು. ಪರವಾನಗಿ ಇರುವ ಪೇಟೆಯ ಸಾಲದ ಕಂಪನಿಗೂ ಹೋದೆವು. ತೀರಿಸಲಾಗದವರಿಗೆ ಸಾಲ ಕೊಡುವುದು ತಪ್ಪಾಗುತ್ತದೆ ಎಂದು ಮರ್ಯಾದೆಯಾಗಿಯೇ ಹೊರಗೆ ಕಳಿಸಿದರು. ಕೆದಿಬೊನೆಗೆ ಕೊಡಲು ನನ್ನ ಕೈಯಲ್ಲೂ ಏನೂ ಇರಲಿಲ್ಲ.

ಅಷ್ಟರಲ್ಲಿ ಮಾ ಸೆಲ್ಲೊ ಜಾಮೀನಿನ ಮೇಲೆ ಮನೆಗೆ ಬಂದಿದ್ದಳು. ಕೆದಿಬೊನೆ ನನ್ನನ್ನು ಎಳೆದುಕೊಂಡು ಅಲ್ಲಿಗೇ ಹೋದಳು.

"ನನ್ನ ಜೈಲಿಗೆ ಹಾಕ್ಸಿ, ಈಗ ನನ್ನ ಬಾಗ್ಲಿಗೇ ಬಂದ್ಯಾ ತಾಯಿ?"

ಮಾ ಸೆಲ್ಲೊ ಒಳಗೆ ಹೋಗಿ ಎರಡು ಡಬ್ಬಿ ಹಾಲಿನಪುಡಿ ತಂದು ಮೇಜಿನ ಮೇಲಿಟ್ಟಳು. 'ಕಾರ್ಡನ್ನು ಜೋಪಾನಕ್ಕೆಂದು ನಾನಾಗಿಯೇ ಕೊಟ್ಟಿದ್ದೆ' ಎಂದು ಕೆದಿಬೊನೆ ಠಾಣೆಯಲ್ಲಿ ಪ್ರಮಾಣ ಮಾಡಿ ಬರೆದುಕೊಟ್ಟು ಬಂದರೆ, ಎರಡು ಡಬ್ಬಿಯೂ ಕೂಸಿಗೆ ಎಂದಳು. ಅವಳ ಮುಖಕ್ಕೆ ಉಗಿಯಬೇಕೆನಿಸಿತು ನನಗೆ. ಉಗಿಯಲಿಲ್ಲ.

ಠಾಣೆಯಲ್ಲಿ ಅದೇ ಅಧಿಕಾರಿ ಹುಡುಗಿ ಕೆದಿಬೊನೆಯ ಕೈ ಹಿಡಿದುಕೊಂಡಳು. "ಹೆದರ್ಬೇಡಿ ಅಮ್ಮ. ಕಾನೂನು ನಿಮ್ಮ ಕಡೆಗಿದೆ. ನೀವೇ ಮಾತು ಬದಲಾಯಿಸಿದ್ರೆ ಕೇಸು ಬಿದ್ದುಹೋಗತ್ತೆ."

"ಇರಬಹುದು ಮಗಳೇ," ಎಂದಳು ಕೆದಿಬೊನೆ. "ನನ್ನ ಕೂಸು ನಿನ್ನೆಯಿಂದ ಅಳೋದನ್ನೂ ನಿಲ್ಲಿಸಿದೆ."

ಹುಡುಗಿ ಕಾಗದ ಎಳೆದು ಬರೆದುಕೊಂಡಳು. ಕೆದಿಬೊನೆ ಸಹಿ ಹಾಕಿ ಮಾ ಸೆಲ್ಲೊ ಮನೆಯ ಕಡೆ ಓಡಿದಳು. ಹುಡುಗಿ ನನ್ನತ್ತ ತಿರುಗಿ, ನೀವು ಯಾಕೆ ಬಂದಿರಿ ಎಂದು ಕೇಳಿದಳು. ನನ್ನ ಮನೆಯಲ್ಲೂ ಮಕ್ಕಳಿದ್ದವು; ನಾಳೆ ಸಾಲ ಕೇಳಲು ನನಗೂ ಮಾ ಸೆಲ್ಲೊ ಬಾಗಿಲೊಂದೇ ಇತ್ತು. ನಾನು ಪೆನ್ನು ಕೇಳಿದೆ.